ಮೇಜಿನ ಕೆಳಗಿನ ಭಕ್ತ

ನಾಟಕವೊಂದನ್ನು ನೋಡಿ ಹೊಟ್ಟೆ ಹುಣ್ಣಾಗುವಂತೆ ನಕ್ಕು ಮನೆಗೆ ಮರಳಿದ ಮೇಲೆ, 'ನಾನು ನಕ್ಕಿದ್ದು ಯಾರನ್ನು ಕಂಡು?' ಎಂದು ನೀವು ಎಂದಾದರೂ ಕೇಳಿಕೊಂಡದ್ದುಂಟೆ? ಸಾಮಾನ್ಯವಾಗಿ ನಾವಾರೂ ಕೇಳಿಕೊಳ್ಳುವುದಿಲ್ಲ. ಅಳಿಸಿದ ನಾಟಕ ಮನಸ್ಸಿನಲ್ಲಿ ದಿನಗಟ್ಟಲೆ ಉಳಿಯುತ್ತದೆ. ನಗಿಸಿದ ನಾಟಕವನ್ನು, ಹೊತ್ತು ಸುಖವಾಗಿ ಕಳೆಯಿತೆಂದು ಮರೆತುಬಿಡುತ್ತೇವೆ. ವಿಮರ್ಶಕರೂ ಇದಕ್ಕೆ ಹೊರತಲ್ಲ. ದುರಂತ ನಾಟಕಕ್ಕೆ ಹಾಕಿದ ಮಣೆಯನ್ನು ಪ್ರಹಸನಕ್ಕೆ ಹಾಕಿದವರು ವಿರಳ. ಧಾರ್ಮಿಕ ಪತ್ರಿಕೆಗಳಲ್ಲಂತೂ ನಗೆಗೆ ದೊರೆಯುವ ಸ್ಥಳ ಪುಟದ ಕೊನೆಯಲ್ಲಿ ಉಳಿದ ಎರಡು ಅಂಗುಲ ಮಾತ್ರ. ಆದುದರಿಂದ ಈ ಸಲ ಒಂದು ನಗೆನಾಟಕವನ್ನೇ ಕೈಗೆತ್ತಿಕೊಂಡು, ಅದು ನಮ್ಮನ್ನು ಹೇಗೆ ನಗಿಸುತ್ತದೆ, ಯಾರ ಖರ್ಚಿನಲ್ಲಿ ನಗಿಸುತ್ತದೆ ಎಂಬುದನ್ನು ನಿಧಾನವಾಗಿ ನೋಡೋಣ. ನಾನು ಆಯ್ದುಕೊಂಡಿರುವುದು ಫ್ರೆಂಚ್ ನಾಟಕಕಾರ ಮೋಲಿಯೇರನ 'ತಾರ್ತುಫ್'. ಒಂದು ಕಾಲದಲ್ಲಿ ಇದನ್ನು ಓದಿದವರಿಗೂ ಕೇಳಿದವರಿಗೂ ಧರ್ಮಸಭೆಯಿಂದ ಬಹಿಷ್ಕಾರದ ಬೆದರಿಕೆ ಇತ್ತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಕಥೆ ಸರಳವಾದದ್ದು. ಓರ್ಗೋನ್ ಎಂಬ ಪ್ಯಾರಿಸ್ಸಿನ ಅನುಕೂಲಸ್ಥ ಗೃಹಸ್ಥ. ದೇವಾಲಯದಲ್ಲಿ ಮೊಣಕಾಲೂರಿ ನಿಟ್ಟುಸಿರಿಡುತ್ತಿದ್ದ ತಾರ್ತುಫ್ ಎಂಬ ಬಡವನನ್ನು ಮಹಾಭಕ್ತನೆಂದು ನಂಬಿ ಮನೆಗೆ ಕರೆತಂದು ಇರಿಸಿಕೊಳ್ಳುತ್ತಾನೆ. ಬಂದವನು ಮನೆಯ ಯಜಮಾನಿಕೆಯನ್ನೇ ಹಿಡಿಯುತ್ತಾನೆ. ಓರ್ಗೋನ್ ತನ್ನ ಮಗಳನ್ನು ಅವನಿಗೆ ಕೊಡಲು ಹೊರಡುತ್ತಾನೆ, ಮಗನನ್ನು ಮನೆಯಿಂದ ಅಟ್ಟುತ್ತಾನೆ, ಆಸ್ತಿಯನ್ನು ಅವನ ಹೆಸರಿಗೆ ಬರೆದುಕೊಡುತ್ತಾನೆ. ತಾರ್ತುಫ್ ಕಣ್ಣಿಟ್ಟಿರುವುದಾದರೋ ಓರ್ಗೋನನ ಹೆಂಡತಿ ಎಲ್ಮೀರಳ ಮೇಲೆ.

ಎ. ಎನ್. ಮೂರ್ತಿರಾವ್ ಅವರು ಈ ನಾಟಕವನ್ನು ಕನ್ನಡಕ್ಕೆ ರೂಪಾಂತರಿಸಿದಾಗ ಇಟ್ಟ ಹೆಸರು 'ಆಷಾಢಭೂತಿ'. ಇದಕ್ಕಿಂತ ಒಪ್ಪುವ ಹೆಸರು ಸಿಗಲಾರದು. ಪಂಚತಂತ್ರದ ಆಷಾಢಭೂತಿ ಒಬ್ಬ ಸಂನ್ಯಾಸಿಯ ಶಿಷ್ಯನಾಗಿ ಸೇರಿ, ವಿಶ್ವಾಸ ಗಳಿಸಿ, ಕೊನೆಗೆ ಅವನ ಹಣ ಅಪಹರಿಸಿ ಓಡಿದವನು. ಕಪಟಭಕ್ತನಿಗೆ ಕನ್ನಡಿಗರು ಇಂದಿಗೂ ಬಳಸುವ ಮಾತು ಅದೇ. ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಪಂಚತಂತ್ರದಲ್ಲಿ ಶಿಷ್ಯ ಗುರುವನ್ನು ವಂಚಿಸುತ್ತಾನೆ. ಆ ಸಂನ್ಯಾಸಿಗೆ ಹಣದ ಮೇಲೆ ಮೋಹವಿತ್ತು, ಅದಕ್ಕೆ ತಕ್ಕ ಶಾಸ್ತಿಯೂ ಆಯಿತು. ಮೋಲಿಯೇರನಲ್ಲಿ ಗುರುವಿನ ಸ್ಥಾನದಲ್ಲಿರುವವನೇ ವಂಚಕ, ವಂಚನೆಗೊಳಗಾಗುವವನು ಶಿಷ್ಯ. ಆ ಶಿಷ್ಯ ಕೇವಲ ಅಮಾಯಕನೇ, ಅಥವಾ ಅವನಿಗೂ ಏನೋ ಒಂದು ಮೋಹವಿತ್ತೇ? ನಾಟಕದ ನಗೆ ಹೊರಡುವುದು ಈ ಪ್ರಶ್ನೆಯಿಂದಲೇ ಎಂದು ನನಗೆ ತೋರುತ್ತದೆ.

ಮೊದಲ ಅಂಕದ ಒಂದು ದೃಶ್ಯವನ್ನು ನೆನೆಯಿರಿ. ಎರಡು ದಿನ ಹಳ್ಳಿಯಲ್ಲಿದ್ದು ಓರ್ಗೋನ್ ಮನೆಗೆ ಮರಳಿದ್ದಾನೆ. ಮನೆಯ ದಾಸಿ ದೋರೀನಳನ್ನು ಕ್ಷೇಮಸಮಾಚಾರ ಕೇಳುತ್ತಾನೆ. ಅಮ್ಮನವರಿಗೆ ಜ್ವರ ಬಂದು ತಲೆನೋವಿನಿಂದ ನರಳಿದರು ಎನ್ನುತ್ತಾಳೆ ಅವಳು. ಅವನು ಕೇಳುವುದು ತಾರ್ತುಫ್ ಹೇಗಿದ್ದಾನೆಂದು. ಅವನಿಗೇನು, ಮೈಕೈ ತುಂಬಿಕೊಂಡು ಕೆಂಪಗೆ ಇದ್ದಾನೆ ಎಂಬ ಉತ್ತರ ಬರುತ್ತದೆ. ಅಯ್ಯೋ ಪಾಪ ಎಂದು ಓರ್ಗೋನ್ ಮರುಗುತ್ತಾನೆ. ಅಮ್ಮನವರು ರಾತ್ರಿ ಊಟ ಮುಟ್ಟಲಿಲ್ಲ. ತಾರ್ತುಫ್ ಎರಡು ಕವುಜುಗ ಹಕ್ಕಿಗಳನ್ನೂ ಅರ್ಧ ಕುರಿತೊಡೆಯನ್ನೂ ಭಕ್ತಿಯಿಂದ ಮುಗಿಸಿದ. ಮತ್ತೆ ಮರುಕ. ಅಮ್ಮನವರು ರಾತ್ರಿಯೆಲ್ಲ ನಿದ್ದೆಗೆಟ್ಟರು. ಅವನು ಬೆಳಗಿನವರೆಗೆ ಸುಖನಿದ್ರೆ ಮಾಡಿದ. ಮತ್ತೆ ಮರುಕ. ವೈದ್ಯರು ಅಮ್ಮನವರ ರಕ್ತ ತೆಗೆಸಿದರು. ಆ ನಷ್ಟ ತುಂಬಿಕೊಳ್ಳಲೆಂದು ಅವನು ಬೆಳಗಿನ ಉಪಾಹಾರದೊಡನೆ ನಾಲ್ಕು ದೊಡ್ಡ ಗುಟುಕು ದ್ರಾಕ್ಷಾರಸ ಕುಡಿದ. ನಾಲ್ಕನೆಯ ಬಾರಿಯೂ ಅದೇ ಪ್ರಶ್ನೆ, ಅದೇ ಮರುಕ.

ಈ ದೃಶ್ಯದಲ್ಲಿ ಒಂದಾದರೂ ಹಾಸ್ಯದ ಮಾತಿಲ್ಲ ಎಂಬುದನ್ನು ಗಮನಿಸಿದಿರಾ? ಓರ್ಗೋನ್ ಹೇಳುವ ಎರಡೂ ಮಾತುಗಳು ಅತಿ ಸಾಧಾರಣವಾದವು. ಅವು ತಪ್ಪು ಸ್ಥಳದಲ್ಲಿ, ಬದಲಾಗದೆ, ಮರಳಿ ಮರಳಿ ಬರುವುದರಿಂದಲೇ ನಗೆ ಹುಟ್ಟುತ್ತದೆ. 1900ರಲ್ಲಿ ನಗೆಯನ್ನು ಕುರಿತು ಪುಸ್ತಕ ಬರೆದ ಫ್ರೆಂಚ್ ತತ್ತ್ವಜ್ಞಾನಿ ಬೆರ್ಗ್‌ಸನ್ ಈ ದೃಶ್ಯವನ್ನೇ ಉದಾಹರಿಸುತ್ತಾನೆ. ಅದುಮಿದಷ್ಟೂ ಮೇಲಕ್ಕೆ ಚಿಮ್ಮುವ ಸ್ಪ್ರಿಂಗಿನಂತೆ ಆ ಪ್ರಶ್ನೆ ಚಿಮ್ಮುತ್ತದೆ ಎಂದು ಅವನ ವಿವರಣೆ. ಜೀವಂತ ಮನುಷ್ಯ ಯಂತ್ರದಂತೆ ವರ್ತಿಸಿದಾಗ ನಗು ಬರುತ್ತದೆಂಬುದು ಅವನ ಸಿದ್ಧಾಂತ. ಸಿದ್ಧಾಂತ ಸರಿಯಿರಬಹುದು. ಆದರೆ ನನಗೆ ಅಷ್ಟರಿಂದ ತೃಪ್ತಿಯಾಗುವುದಿಲ್ಲ. ಇಲ್ಲಿ ಕೆಟ್ಟುನಿಂತ ಯಂತ್ರ ಯಾವುದು? ಕರುಣೆ. ಓರ್ಗೋನನಲ್ಲಿ ಕರುಣೆ ಇಲ್ಲವೆಂದಲ್ಲ, ಬೇಕಾದಷ್ಟಿದೆ. ಆದರೆ ಅದರ ದಾರಿ ತಪ್ಪಿದೆ. ಜ್ವರದಿಂದ ನರಳುವ ಹೆಂಡತಿಯನ್ನು ದಾಟಿಹೋಗಿ, ಕುರಿತೊಡೆ ತಿಂದು ಗೊರಕೆ ಹೊಡೆಯುವವನ ಬಳಿ ಅದು ಮೊಣಕಾಲೂರುತ್ತದೆ. ನಾವು ನಗುತ್ತೇವೆ, ನಗುತ್ತಲೇ ಒಂದು ಮನೆಯ ದುರಂತವನ್ನು ಕಂಡುಬಿಟ್ಟಿರುತ್ತೇವೆ.

ಇದೇ ಓರ್ಗೋನ್ ಮುಂದಿನ ದೃಶ್ಯದಲ್ಲಿ ಭಾವಮೈದುನ ಕ್ಲೆಯಾಂತನ ಬಳಿ ತನ್ನ ಆಧ್ಯಾತ್ಮಿಕ ಪ್ರಗತಿಯನ್ನು ಬಣ್ಣಿಸಿಕೊಳ್ಳುತ್ತಾನೆ. ತಾರ್ತುಫನ ಉಪದೇಶದಿಂದ ತನಗೆ ಎಷ್ಟು ವೈರಾಗ್ಯ ಬಂದಿದೆಯೆಂದರೆ, ಅಣ್ಣತಮ್ಮ, ಮಕ್ಕಳು, ತಾಯಿ, ಹೆಂಡತಿ ಕಣ್ಮುಂದೆ ಸತ್ತರೂ ತಾನು ಲೆಕ್ಕಿಸುವುದಿಲ್ಲವಂತೆ! ತಾರ್ತುಫನ ಭಕ್ತಿಗೆ ಅವನು ಕೊಡುವ ಸಾಕ್ಷ್ಯವಾದರೂ ಎಂಥದು? ಪ್ರಾರ್ಥನೆಯ ವೇಳೆಯಲ್ಲಿ ಒಂದು ಚಿಗಟವನ್ನು ಹಿಡಿದು, ಅತಿಯಾದ ಕೋಪದಿಂದ ಕೊಂದೆನಲ್ಲಾ ಎಂದು ಆ ಮಹಾತ್ಮ ಪರಿತಪಿಸಿದನಂತೆ. ಚಿಗಟಕ್ಕೆ ಕಣ್ಣೀರು, ಹೆತ್ತ ತಾಯಿಗೆ ಇಲ್ಲ. ತಂದೆತಾಯಿಯರನ್ನೂ ಬಿಟ್ಟು ಹಿಂಬಾಲಿಸಬೇಕೆಂಬ ಶುಭಸಂದೇಶದ ಕಠಿಣ ಕರೆಯ ನೆರಳು ಇಲ್ಲಿ ಬಿದ್ದಿದೆ ಎಂಬುದು ಬೈಬಲ್ ಬಲ್ಲವರಿಗೆ ಕೂಡಲೇ ಹೊಳೆಯುತ್ತದೆ. ಅಂದಿನ ಭಕ್ತರಿಗೆ ನೋವಾದದ್ದೂ ಇಂಥ ಕಡೆಗಳಲ್ಲೇ. ಇದು ದೈವವಾಣಿಯ ಅಣಕವಲ್ಲವೇ ಎಂದು ಅವರು ಕೇಳಿದರು. ನನ್ನ ಮಟ್ಟಿಗೆ ಇದು ಅಣಕವಲ್ಲ. ಯೇಸುಸ್ವಾಮಿ ಕೇಳಿದ ತ್ಯಾಗ ಪ್ರೀತಿಯ ಹೆಚ್ಚಳದಿಂದ ಬರುವಂಥದು; ಓರ್ಗೋನ್ ಕಲಿತದ್ದು ಪ್ರೀತಿಯ ಬತ್ತುವಿಕೆಯನ್ನು. ಎರಡಕ್ಕೂ ಪದಗಳು ಒಂದೇ. ಆ ಎರಡರ ನಡುವಿನ ಅಂತರವನ್ನು ಒಂದು ಪ್ರಬೋಧನೆ ಅರ್ಧ ಗಂಟೆಯಲ್ಲಿ ವಿವರಿಸಬಲ್ಲದು. ಮೋಲಿಯೇರ್ ಒಂದು ಚಿಗಟದಿಂದ ತೋರಿಸುತ್ತಾನೆ.

ಇಷ್ಟೆಲ್ಲ ನಡೆದರೂ ತಾರ್ತುಫ್ ಇನ್ನೂ ರಂಗದ ಮೇಲೆ ಬಂದಿಲ್ಲ. ಅವನ ಪ್ರವೇಶ ಮೂರನೆಯ ಅಂಕದಲ್ಲಿ. ಈ ಖಳನನ್ನು ಬರಮಾಡಿಕೊಳ್ಳಲು ಎರಡು ಪೂರ್ತಿ ಅಂಕಗಳ ಸಿದ್ಧತೆ ಮಾಡಿದ್ದೇನೆ, ನೋಡುವವರು ಅವನ ವಿಷಯದಲ್ಲಿ ಕ್ಷಣಮಾತ್ರವೂ ಗೊಂದಲಕ್ಕೊಳಗಾಗಬಾರದೆಂದು, ಎಂದು ಮೋಲಿಯೇರ್ ಮುನ್ನುಡಿಯಲ್ಲಿ ಹೇಳಿಕೊಂಡಿದ್ದಾನೆ. ಇದರಿಂದ ಇನ್ನೊಂದು ಲಾಭವೂ ಆಯಿತು. ಮೋಸಗಾರನನ್ನು ಕಾಣುವ ಮೊದಲೇ ನಾವು ಮೋಸ ಹೋಗಲು ಹಾತೊರೆಯುವವನನ್ನು ಕಂಡಿರುತ್ತೇವೆ. ತಾರ್ತುಫ್ ಬಂದವನೇ ದೋರೀನಳನ್ನು ನೋಡಿ, ತನ್ನ ನಾರುಮಡಿಯನ್ನೂ ದೇಹದಂಡನೆಯ ಚಾವಟಿಯನ್ನೂ ಎತ್ತಿಡುವಂತೆ ಸೇವಕನಿಗೆ ಕೇಳಿಸುವ ದನಿಯಲ್ಲಿ ಆಜ್ಞಾಪಿಸುತ್ತಾನೆ. ಮರುಕ್ಷಣವೇ ಅವಳ ಕೈಗೆ ಕರವಸ್ತ್ರ ಕೊಟ್ಟು ಎದೆ ಮುಚ್ಚಿಕೊಳ್ಳಲು ಹೇಳುತ್ತಾನೆ. ಕಣ್ಣು ಎಲ್ಲಿ ಹೋಯಿತೆಂಬುದನ್ನು ಕರವಸ್ತ್ರವೇ ಸಾರಿತು.

ನಾಟಕದ ಅತ್ಯಂತ ಸೂಕ್ಷ್ಮವಾದ ನಗೆ ಇರುವುದು ಮೂರನೆಯ ಅಂಕದ ಕೊನೆಯ ಭಾಗದಲ್ಲಿ. ತಾರ್ತುಫ್ ತನ್ನ ಮಲತಾಯಿಯ ಬಳಿ ಪ್ರಣಯದ ಮಾತನಾಡಿದ್ದನ್ನು ಮಗ ದಾಮಿಸ್ ಕೇಳಿಸಿಕೊಂಡು ತಂದೆಗೆ ದೂರುತ್ತಾನೆ. ಸಿಕ್ಕಿಬಿದ್ದ ಕಳ್ಳ ಏನು ಮಾಡಬೇಕು? ಅಲ್ಲಗಳೆಯಬೇಕು. ತಾರ್ತುಫ್ ಅಲ್ಲಗಳೆಯುವುದಿಲ್ಲ. ಹೌದು, ತಾನು ದುಷ್ಟ, ಪಾಪಿ, ಅಪರಾಧಗಳ ಮುದ್ದೆ, ತನ್ನನ್ನು ಕಳ್ಳನಂತೆ ಮನೆಯಿಂದ ಹೊರದಬ್ಬಬೇಕು ಎಂದು ಒಪ್ಪಿಕೊಂಡುಬಿಡುತ್ತಾನೆ! ಪ್ರತಿಯೊಂದು ಮಾತೂ ಅಕ್ಷರಶಃ ನಿಜ. ಆದರೆ ಪಾಪನಿವೇದನೆಯ ಆ ಭಾಷೆಯನ್ನು ಕೇಳಿ ಓರ್ಗೋನ್ ಕರಗಿಹೋಗುತ್ತಾನೆ. ಇಂಥ ವಿನಯಶೀಲನ ಮೇಲೆ ದೂರು ಹೇಳಿದೆಯಾ ಎಂದು ಮಗನ ಮೇಲೆಯೇ ಹರಿಹಾಯುತ್ತಾನೆ. ಒಬ್ಬ ಮೊಣಕಾಲೂರಿದರೆ, ಅವನನ್ನು ಎಬ್ಬಿಸಲು ಇನ್ನೊಬ್ಬನೂ ಮೊಣಕಾಲೂರುತ್ತಾನೆ. ಸುಳ್ಳನ್ನು ಸತ್ಯದಂತೆ ಹೇಳುವ ವಂಚಕರು ಲೋಕದಲ್ಲಿ ಹಲವರು. ಸತ್ಯವನ್ನೇ ಸುಳ್ಳಿನಂತೆ ಬಳಸುವವನು ಇವನೊಬ್ಬ. ಈ ದೃಶ್ಯವನ್ನು ಓದಿದಾಗಲೆಲ್ಲ ನನಗೆ ನಗುವಿನ ಜೊತೆಗೆ ಒಂದು ಬಗೆಯ ಕಳವಳವೂ ಆಗುತ್ತದೆ. ನಾನು ಪಾಪಿ, ನಾನು ಪಾಪಿ ಎಂದು ಎದೆ ಬಡಿದುಕೊಳ್ಳುವ ನಮ್ಮ ಮಾತು ಯಾವಾಗ ಪಶ್ಚಾತ್ತಾಪ, ಯಾವಾಗ ಬರಿಯ ರೂಢಿ? ಗುರುಗಳ ಮುಂದೆ ನುಡಿಯುವ ಅದೇ ಪದಗಳನ್ನು ಮನೆಯಲ್ಲಿ ಹೆಂಡತಿ ಮಕ್ಕಳು ನಮ್ಮ ಮೇಲೆ ಹೊರಿಸಿದರೆ ನಾವು ಸಹಿಸುತ್ತೇವೆಯೇ?

ಇನ್ನು ಪ್ರಸಿದ್ಧವಾದ ಮೇಜಿನ ದೃಶ್ಯ. ಗಂಡನಿಗೆ ಕಣ್ಣಾರೆ ತೋರಿಸಬೇಕೆಂದು ಎಲ್ಮೀರ್ ಅವನನ್ನು ಮೇಜಿನ ಕೆಳಗೆ ಅಡಗಿಸಿ, ತಾರ್ತುಫನನ್ನು ಕರೆಸಿ, ಒಲಿದವಳಂತೆ ನಟಿಸುತ್ತಾಳೆ. ಅವನು ಮುಂದುವರಿಯುತ್ತಾನೆ. ದೇವರಿಗೆ ಅಂಜಬೇಡವೇ ಎಂದರೆ, ಉದ್ದೇಶ ಶುದ್ಧವಾಗಿದ್ದರೆ ಪರಲೋಕದೊಡನೆ ಹೊಂದಾಣಿಕೆ ಮಾಡಿಕೊಳ್ಳುವ ಉಪಾಯಗಳಿವೆ ಎನ್ನುತ್ತಾನೆ. ಗುಟ್ಟಾಗಿ ಮಾಡಿದ ಪಾಪ ಪಾಪವೇ ಅಲ್ಲ, ಬಯಲಾದರೆ ಮಾತ್ರ ಪಾಪ ಎನ್ನುತ್ತಾನೆ. ಎಲ್ಮೀರ್ ಕೆಮ್ಮುತ್ತಾಳೆ. ಮೇಜಿನ ಕೆಳಗಿನಿಂದ ಸದ್ದಿಲ್ಲ. ಮತ್ತೆ ಕೆಮ್ಮುತ್ತಾಳೆ, ಕೆಮ್ಮಿಗೆ ಮದ್ದೆಂದು ತಾರ್ತುಫ್ ಜ್ಯೇಷ್ಠಮಧುವಿನ ತುಂಡು ನೀಡುತ್ತಾನೆ. ಮೇಜು ಮೌನ. ಗಂಡ ಹತ್ತಿರದಲ್ಲೇನಾದರೂ ಇದ್ದಾನೋ ನೋಡಿ ಬಾ ಎಂದು ಅವಳು ಕಡೆಗೆ ಹೇಳಿದಾಗ, ಅವನ ಚಿಂತೆ ಏಕೆ, ಮೂಗುದಾರ ಹಿಡಿದು ಎಳೆದತ್ತ ಬರುವ ಮನುಷ್ಯ ಅವನು ಎಂದು ತಾರ್ತುಫ್ ಹಗುರವಾಗಿ ಆಡಿ ಹೊರಗೆ ಹೋಗುತ್ತಾನೆ. ಆಗ, ಆಗ ಮಾತ್ರ, ಓರ್ಗೋನ್ ಹೊರಗೆ ಬರುತ್ತಾನೆ. ಹೆಂಡತಿಯ ಮಾನಕ್ಕೆ ಕುತ್ತು ಬಂದಾಗ ಏಳದವನು ತನ್ನ ಬುದ್ಧಿವಂತಿಕೆಗೆ ಕುಂದು ಬಂದಾಗ ಎದ್ದ. ಇಷ್ಟು ಬೇಗ ಬಂದಿರಾ, ಇನ್ನೂ ಸ್ವಲ್ಪ ಹೊತ್ತು ಒಳಗೇ ಇರಿ ಎಂದು ಎಲ್ಮೀರ್ ಚುಚ್ಚುವುದರಲ್ಲಿ ಹೆಣ್ಣಿನ ಎಲ್ಲ ನೋವೂ ಇದೆ. ಪ್ರೇಕ್ಷಕರು ಗಹಗಹಿಸುವ ಈ ದೃಶ್ಯವನ್ನು ಎಲ್ಮೀರಳ ಕಡೆಯಿಂದ ನೋಡಿದರೆ ಅದರಷ್ಟು ಭಯಾನಕವಾದದ್ದು ಬೇರೊಂದಿಲ್ಲ.

ನಾಟಕ ರಂಗಕ್ಕೆ ಬಂದಾಗ ಪಾತ್ರ ಹಂಚಿಕೆ ಹೇಗಿತ್ತೆಂಬುದು ನಮ್ಮ ಪ್ರಶ್ನೆಗೆ ಬೆಳಕು ಬೀರುತ್ತದೆ. ತಂಡದ ಒಡೆಯನೂ ಅಗ್ರ ಹಾಸ್ಯನಟನೂ ಆಗಿದ್ದ ಮೋಲಿಯೇರ್ ತಾರ್ತುಫನ ಪಾತ್ರವನ್ನು ದು ಕ್ರುವಾಜಿ ಎಂಬ ನಟನಿಗೆ ಬಿಟ್ಟುಕೊಟ್ಟು, ತಾನು ಓರ್ಗೋನ್ ಆದ. ಎಲ್ಮೀರಳ ಪಾತ್ರ ಅವನ ಸ್ವಂತ ಹೆಂಡತಿ ಆರ್ಮಾಂಡಳದು. ಎಂದರೆ, ನಗೆಯ ಮುಖ್ಯ ಗುರಿ ಕಪಟಿಯಲ್ಲ. ಕಪಟಿಯನ್ನು ಕಂಡರೆ ನಮಗೆ ರೋಷ ಬರುತ್ತದೆ, ಹೇಸಿಗೆಯಾಗುತ್ತದೆ; ನಗು ಉಕ್ಕುವುದು ಓರ್ಗೋನನನ್ನು ಕಂಡು. ಅವನಿಗೆ ಒಬ್ಬ ಸಂತ ಬೇಕಾಗಿತ್ತು. ಏಕೆ? ಮನೆಯವರೆಲ್ಲರನ್ನೂ ಅಡಗಿಸಲು. ತಾರ್ತುಫನ ಜೊತೆ ಒಡನಾಡಿ ಲೋಕದವರನ್ನು ರೊಚ್ಚಿಗೆಬ್ಬಿಸುವುದೇ ತನಗೆ ಪರಮಾನಂದ ಎಂದು ಒಂದು ಕಡೆ ಅವನೇ ಬಾಯ್ಬಿಡುತ್ತಾನೆ. ಪಂಚತಂತ್ರದ ಸಂನ್ಯಾಸಿಗೆ ಹಣದ ಮೋಹವಿದ್ದಂತೆ ಇವನಿಗೆ ಯಜಮಾನಿಕೆಯ ಮೋಹ; ಭಕ್ತಿ ಅದಕ್ಕೆ ಹೊದಿಸಿದ ಶಾಲು. ತಾರ್ತುಫ್ ಬಾಗಿಲು ಒಡೆದು ಬಂದವನಲ್ಲ, ಬೀಗದ ಕೈ ಕೊಟ್ಟು ಕರೆಸಿಕೊಂಡದ್ದು.

ಕಣ್ತೆರೆದ ಮೇಲಾದರೂ ಓರ್ಗೋನ್ ಬದಲಾದನೇ? ಇಲ್ಲ. ಇನ್ನು ಮೇಲೆ ಭಕ್ತರೆಂಬವರ ಸಹವಾಸವೇ ಬೇಡ, ಅವರೆಲ್ಲರನ್ನೂ ದ್ವೇಷಿಸುತ್ತೇನೆ ಎಂದು ಐದನೆಯ ಅಂಕದಲ್ಲಿ ಅಬ್ಬರಿಸುತ್ತಾನೆ. ಒಂದು ಅತಿರೇಕದಿಂದ ಇನ್ನೊಂದಕ್ಕೆ ಹಾರುತ್ತೀಯಲ್ಲ ಎಂದು ಕ್ಲೆಯಾಂತ್ ತಡೆಯುತ್ತಾನೆ. ವಾಚಕರೇ, ಒಬ್ಬ ಕಪಟಿಯಿಂದ ನೊಂದು ದೇವಾಲಯದ ಮೆಟ್ಟಿಲು ಹತ್ತುವುದನ್ನೇ ಬಿಟ್ಟವರನ್ನು ನಾನೂ ಬಲ್ಲೆ, ನೀವೂ ಬಲ್ಲಿರಿ. ಅವರನ್ನು ನೋಡಿ ನಗಲಾಗುವುದಿಲ್ಲ. ಆದರೆ ಓರ್ಗೋನನ ಈ ಅಬ್ಬರಕ್ಕೆ ನಾವು ನಗುವುದುಂಟು, ಏಕೆಂದರೆ ಅವನು ಈಗಲೂ ತನ್ನ ತಪ್ಪನ್ನು ತನ್ನಲ್ಲಿ ಹುಡುಕುತ್ತಿಲ್ಲ. ಅಷ್ಟರಲ್ಲಿ ಅವನ ತಾಯಿ ಮದಾಂ ಪೆರ್ನೆಲ್ ಬರುತ್ತಾಳೆ. ಅವನು ಕಣ್ಣಾರೆ ಕಂಡೆ ಎಂದರೂ ಅವಳು ನಂಬುವುದಿಲ್ಲ. ಸತ್ಪುರುಷರ ಮೇಲೆ ಲೋಕ ಹೊಟ್ಟೆಕಿಚ್ಚು ಪಡುವುದು ಸಹಜ ಎನ್ನುತ್ತಾಳೆ. ನಿನ್ನೆ ತಾನು ಕಿವುಡಾಗಿದ್ದ ಮಾತಿಗೆ ಇಂದು ಇನ್ನೊಬ್ಬರು ಕಿವುಡಾದಾಗ ಆಗುವ ಸಂಕಟ ಓರ್ಗೋನನಿಗೆ ಸಿಕ್ಕ ಪ್ರಾಯಶ್ಚಿತ್ತ.

ಕೊನೆಯ ಭಾಗ ನನಗೆ ಹಿಡಿಸುವುದಿಲ್ಲ. ಅರಸನ ಅಧಿಕಾರಿ ಬಂದು ತಾರ್ತುಫನನ್ನು ಬಂಧಿಸಿ, ಪ್ರಭುವಿನ ದೂರದೃಷ್ಟಿಯನ್ನು ಉದ್ದಕ್ಕೂ ಹೊಗಳುತ್ತಾನೆ. ಅಲ್ಲಿ ನಗೆ ನಿಂತುಹೋಗುತ್ತದೆ. ಆದರೆ ನಾಟಕ ಪಟ್ಟ ಪಾಡನ್ನು ತಿಳಿದರೆ ಆ ಹೊಗಳಿಕೆಯನ್ನು ಕ್ಷಮಿಸಬಹುದು. 1664ರ ಮೇ 12ರಂದು ವರ್ಸಾಯ್ ಅರಮನೆಯಲ್ಲಿ ಹದಿನಾಲ್ಕನೆಯ ಲೂಯಿಯ ಮುಂದೆ ಮೂರು ಅಂಕಗಳ ರೂಪದಲ್ಲಿ ಇದು ಮೊದಲು ಪ್ರದರ್ಶನಗೊಂಡಿತು. ಅರಸ ಮೆಚ್ಚಿದರೂ ಸಾರ್ವಜನಿಕ ಪ್ರದರ್ಶನಕ್ಕೆ ನಿಷೇಧ ಬಿತ್ತು. ಪಿಯರ್ ರುಲ್ಲೆ ಎಂಬ ಪ್ಯಾರಿಸ್ಸಿನ ಗುರುವೊಬ್ಬರು ಮೋಲಿಯೇರನನ್ನು ಮನುಷ್ಯರೂಪದ ಪಿಶಾಚಿಯೆಂದು ಕರೆದು, ಬೆಂಕಿಗೆ ಹಾಕಲು ಯೋಗ್ಯನೆಂದು ಬರೆದರು. 1667ರ ಆಗಸ್ಟ್ 5ರಂದು ಬೇರೆ ಹೆಸರಿನಲ್ಲಿ ಆಡಿದರೆ, ಮರುದಿನವೇ ನ್ಯಾಯಾಲಯದಿಂದ ತಡೆ. ಕೆಲವು ದಿನಗಳಲ್ಲಿ ಮಹಾಧರ್ಮಾಧ್ಯಕ್ಷರಿಂದ ಬಹಿಷ್ಕಾರದ ಎಚ್ಚರಿಕೆ. 1669ರ ಫೆಬ್ರವರಿ 5ರಂದಷ್ಟೇ ಅದಕ್ಕೆ ಬಿಡುಗಡೆಯಾಯಿತು.

ವಿರೋಧಿಸಿದವರೆಲ್ಲ ತಾರ್ತುಫರೇ ಆಗಿದ್ದರೆಂದು ಹೇಳುವುದು ಸುಲಭ, ಆದರೆ ಅನ್ಯಾಯ. ಯೇಸುಸಭೆಯ ಪ್ರಖ್ಯಾತ ಪ್ರಬೋಧಕ ಬೂರ್ದಲೂ ಎತ್ತಿದ ಆಕ್ಷೇಪಣೆ ತೂಕವುಳ್ಳದ್ದು. ನಿಜಭಕ್ತಿಗೂ ಕಪಟಭಕ್ತಿಗೂ ಹೊರಗಿನ ಆಚರಣೆಗಳು ಒಂದೇ. ಆದುದರಿಂದ ಒಂದಕ್ಕೆ ಎಸೆದ ಪರಿಹಾಸ್ಯದ ಕಲ್ಲು ಇನ್ನೊಂದಕ್ಕೂ ತಗಲುತ್ತದೆ ಎಂದು ಅವರ ವಾದ. ನಾಟಕ ನೋಡಿದವನೊಬ್ಬ ಮರುದಿನ ಕಣ್ಣುಮುಚ್ಚಿ ಪ್ರಾರ್ಥಿಸುವ ಮುದುಕಿಯನ್ನು ಕಂಡು ಕಿಸಕ್ಕನೆ ನಕ್ಕರೆ, ಅದರ ಹೊಣೆ ಯಾರದು? ಈ ಪ್ರಶ್ನೆಗೆ ಕ್ಲೆಯಾಂತನ ಬಾಯಲ್ಲಿ ಮೋಲಿಯೇರ್ ಹೇಳಿಸಿದ ಉದ್ದನೆಯ ಉತ್ತರ ನನಗೆ ಸಪ್ಪೆಯೆನಿಸುತ್ತದೆ. ನಿಜವಾದ ಉತ್ತರವನ್ನು ಕೊಟ್ಟಿರುವುದು ಜ್ವರದಲ್ಲಿ ಮಲಗಿದ ಎಲ್ಮೀರ್. ಪಕ್ಕದ ಕೋಣೆಯಲ್ಲಿ ನರಳುತ್ತಿರುವವರ ದನಿ ಭಕ್ತನಿಗೆ ಕೇಳಿಸುತ್ತದೆಯೇ, ಇಲ್ಲವೇ? ನಾಟಕ ಕೈಗೆತ್ತಿಕೊಳ್ಳುವ ಒರೆಗಲ್ಲು ಇದೊಂದೇ. ಜಪಸರ ಹಿಡಿದ ಮುದುಕಿಗೆ ಆ ದನಿ ಕೇಳಿಸುತ್ತಿದ್ದರೆ ಅವಳನ್ನು ಕಂಡು ಯಾವ ಪ್ರೇಕ್ಷಕನೂ ನಗಲಾರ.

ನಗೆ ಹದ ಮೀರುವುದುಂಟು, ಅದನ್ನೂ ಹೇಳಬೇಕು. ಶೇಕ್ಸ್‌ಪಿಯರನ 'ಟ್ವೆಲ್ಫ್ತ್ ನೈಟ್' ನಾಟಕದ ಮಾಲ್ವೋಲಿಯೋ ಕೂಡ ಮಡಿವಂತಿಕೆಯ ಗರ್ವಿಷ್ಠ. ಖೋಟಾ ಪತ್ರದಿಂದ ಅವನನ್ನು ಮರುಳುಗೊಳಿಸಿ ಹಳದಿ ಕಾಲುಚೀಲ ತೊಡಿಸಿದಾಗ ನಗುತ್ತೇವೆ. ಆದರೆ ಹುಚ್ಚನೆಂದು ಕತ್ತಲ ಕೋಣೆಯಲ್ಲಿ ಕೂಡಿಹಾಕಿ, ವಿದೂಷಕ ಗುರುವಿನ ವೇಷದಲ್ಲಿ ಬಂದು ಕಾಡುವಾಗ ನಗು ಗಂಟಲಲ್ಲೇ ಉಳಿಯುತ್ತದೆ. ಎಲ್ಲರ ಮೇಲೂ ಸೇಡು ತೀರಿಸಿಕೊಳ್ಳುತ್ತೇನೆಂದು ಅವನು ಹೊರಟುಹೋದ ಮೇಲೆ ಆ ಸುಖಾಂತದಲ್ಲಿ ಒಂದು ಕುರ್ಚಿ ಖಾಲಿ ಉಳಿಯುತ್ತದೆ.

ಇದಕ್ಕೆ ತೀರ ಬೇರೆಯಾದ ನಗೆಯೂ ಇದೆ. ಇಂಗ್ಲೆಂಡಿನ ವೇಕ್‌ಫೀಲ್ಡ್ ಹೆಸರಿನ ಜೊತೆ ಸೇರಿಬಂದಿರುವ ಮಧ್ಯಯುಗದ ಕ್ರಿಸ್ತಜಯಂತಿಯ ನಾಟಕವೊಂದರಲ್ಲಿ ಮ್ಯಾಕ್ ಎಂಬವನು ಕುರುಬರ ಕುರಿ ಕದಿಯುತ್ತಾನೆ. ಹೆಂಡತಿ ಗಿಲ್ ಅದನ್ನು ತೊಟ್ಟಿಲಲ್ಲಿ ಮಲಗಿಸಿ, ಹೆತ್ತ ಬಾಣಂತಿಯಂತೆ ನರಳುತ್ತಾಳೆ. ಹುಡುಕಲು ಬಂದ ಕುರುಬರು ಏನೂ ಕಾಣದೆ ಹೊರಟುಹೋದವರು, ಮಗುವಿಗೆ ಏನೂ ಕೊಡಲಿಲ್ಲವಲ್ಲ ಎಂದು ಕಾಣಿಕೆ ಹಿಡಿದು ಮರಳುತ್ತಾರೆ. ಬಟ್ಟೆ ಸರಿಸಿದರೆ ಉದ್ದ ಮೂತಿಯ ಕೂಸು! ಕುರಿಗಳ್ಳನಿಗೆ ಗಲ್ಲು ವಿಧಿಸಬಹುದಾಗಿದ್ದ ಕಾಲ ಅದು. ಅವರು ಅವನನ್ನು ಕಂಬಳಿಯಲ್ಲಿ ಹಾಕಿ ಮೇಲಕ್ಕೆಸೆದು ಆಡಿಸಿ ಬಿಟ್ಟುಬಿಡುತ್ತಾರೆ. ಆ ಮೇಲೆಯೇ ದೇವದೂತನ ಗಾನ ಕೇಳಿಸುತ್ತದೆ. ಅದೇ ಕುರುಬರು ಹಣ್ಣು, ಹಕ್ಕಿ, ಚೆಂಡು ಹಿಡಿದು ಇನ್ನೊಂದು ತೊಟ್ಟಿಲ ಕಡೆಗೆ, ನಿಜವಾದ ದೇವರ ಕುರಿಮರಿ ಮಲಗಿದ್ದ ಗೋದಲಿಯ ಕಡೆಗೆ ನಡೆಯುತ್ತಾರೆ. ಇಲ್ಲಿ ಕಳ್ಳತನ ಬಯಲಾದದ್ದು ಗುಮಾನಿಯಿಂದಲ್ಲ, ಔದಾರ್ಯದಿಂದ. ಈ ನಾಟಕ ಬರೆದವನ ಹೆಸರು ಉಳಿದಿಲ್ಲ. ನಗೆಗೂ ಆರಾಧನೆಗೂ ವಿರೋಧವಿದೆಯೆಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲವೆಂದು ಕಾಣುತ್ತದೆ.

ಫ್ರಾನ್ಸಿನಲ್ಲಿ ಹಾಗೆ ಹೇಳಿಕೊಡುವವರಿದ್ದರು. 1694ರಲ್ಲಿ, ಮೋ ನಗರದ ಧರ್ಮಾಧ್ಯಕ್ಷರೂ ಮಹಾವಾಗ್ಮಿಯೂ ಆದ ಬೊಸ್ಸುಯೆ ನಾಟಕಗಳನ್ನು ಖಂಡಿಸಿ ಬರೆಯುತ್ತ, ರಂಗದ ಪರಿಹಾಸ್ಯದಿಂದ ನೇರವಾಗಿ, ನಗುವವರಿಗೆ ಧಿಕ್ಕಾರವೆಂದಾತನ ನ್ಯಾಯಪೀಠದ ಮುಂದೆ ಹೋಗಿ ನಿಂತವನೆಂದು ಮೋಲಿಯೇರನನ್ನು ನೆನೆದರು. ಬೊಸ್ಸುಯೆ ಅವರ ಗದ್ಯವನ್ನು ನಾನು ಗೌರವಿಸುತ್ತೇನೆ, ಈ ತೀರ್ಪನ್ನು ಒಪ್ಪಲಾರೆ. ಸೂಜಿಯ ಕಣ್ಣಿನಲ್ಲಿ ಒಂಟೆಯನ್ನು ನುಗ್ಗಿಸಿದ, ತನ್ನ ಕಣ್ಣಿನ ತೊಲೆಯನ್ನು ಬಿಟ್ಟು ಸಹೋದರನ ಕಣ್ಣಿನ ಧೂಳು ತೆಗೆಯಹೊರಟವನ ಚಿತ್ರ ಬರೆದ ಬೋಧಕನ ಸುತ್ತ ಕುಳಿತ ಗಲಿಲೇಯದ ಜನ ಒಮ್ಮೆಯೂ ನಗಲಿಲ್ಲವೆಂದು ನಂಬುವುದು ನನಗೆ ಕಷ್ಟ.

ಮೋಲಿಯೇರ್ ತೀರಿಕೊಂಡದ್ದು 1673ರ ಫೆಬ್ರವರಿ 17ರಂದು. ಅಂದು ಅವನು 'ಕಾಲ್ಪನಿಕ ರೋಗಿ' ಎಂಬ ತನ್ನ ಹೊಸ ನಾಟಕದ ನಾಲ್ಕನೆಯ ಪ್ರದರ್ಶನದಲ್ಲಿ, ಇಲ್ಲದ ರೋಗಗಳಿಗೆ ಮದ್ದು ಕುಡಿಯುವವನ ಪಾತ್ರ ವಹಿಸಿದ್ದ; ರೋಗ ಮಾತ್ರ ನಿಜವಾಗಿಯೇ ಇತ್ತು. ರಂಗದ ಮೇಲೆಯೇ ಸೆಳವು ಬಂದಾಗ ಅದನ್ನು ನಗೆಯಲ್ಲಿ ಮರೆಸಿದ. ಮನೆಗೆ ಒಯ್ದ ಮೇಲೆ ಗುರುಗಳಿಗಾಗಿ ಹೇಳಿಕಳುಹಿಸಿದರು. ಇಬ್ಬರು ಬರಲೊಪ್ಪಲಿಲ್ಲ, ಮೂರನೆಯವರು ಬರುವಷ್ಟರಲ್ಲಿ ಪ್ರಾಣ ಹೋಗಿತ್ತು. ನಟವೃತ್ತಿಯನ್ನು ತ್ಯಜಿಸುವುದಾಗಿ ಗುರುಗಳ ಮುಂದೆ ಹೇಳದೆ ಸತ್ತ ನಟನಿಗೆ ಕ್ರೈಸ್ತ ಸಮಾಧಿ ಸಲ್ಲದೆಂದು ಧರ್ಮಕೇಂದ್ರ ನಿರಾಕರಿಸಿತು. ಆರ್ಮಾಂಡ್ ಅರಸನ ಬಳಿಗೂ ಮಹಾಧರ್ಮಾಧ್ಯಕ್ಷರ ಬಳಿಗೂ ಮೊರೆಯಿಟ್ಟಳು. ಹಿಂದಿನ ವರ್ಷದ ಪಾಸ್ಕಕ್ಕೆ ಗಂಡ ಸಂಸ್ಕಾರಗಳನ್ನು ಪಡೆದಿದ್ದನೆಂದು ತಿಳಿಸಿದಳು. ಫೆಬ್ರವರಿ 21ರ ರಾತ್ರಿ, ಸಂಭ್ರಮದ ಪೂಜೆಯಿಲ್ಲದೆ, ಪಂಜುಗಳ ಬೆಳಕಿನಲ್ಲಿ ಸಂತ ಜೋಸೆಫರ ಸ್ಮಶಾನದಲ್ಲಿ ಅವನನ್ನು ಹೂಳಿದರು.

ಕೊನೆಯುಸಿರೆಳೆಯುವಾಗ ಅವನ ಹಾಸಿಗೆಯ ಬಳಿ ಇಬ್ಬರು ಸಂನ್ಯಾಸಿನಿಯರಿದ್ದರು. ತಪಸ್ಸುಕಾಲದ ಭಿಕ್ಷೆ ಸಂಗ್ರಹಿಸಲು ಪ್ಯಾರಿಸ್ಸಿಗೆ ಬಂದಿದ್ದ ಅವರಿಗೆ ಆ ದಿನಗಳಲ್ಲಿ ತನ್ನ ಮನೆಯಲ್ಲಿ ಆಶ್ರಯ ಕೊಟ್ಟಿದ್ದವನು ಅವನೇ.